ಡೆಮಿಡೊವ್ ಬಂದ ದಾರಿ: ರಷ್ಯಾದ ಹುಡುಗರು ಅಮೆರಿಕ-ಕೆನಡಾದ ಹಾಕಿ ಲೀಗು ಎನ್‌ಎಚ್‌ಎಲ್ ತಲುಪೋಕೆ ಇಷ್ಟು ಸುತ್ತು ಯಾಕೆ?

ಲಾವಲ್_ಲೋಕೇಶ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮಾಂಟ್ರಿಯಲ್ ಪಕ್ಕದ ಲಾವಲ್‌ನಲ್ಲಿದ್ದೀನಿ, ಒಂಬತ್ತು ವರ್ಷ ಆಯ್ತು. ಮೊದಲ ನಾಲ್ಕೈದು ವರ್ಷ ಐಸ್ ಹಾಕಿ ಬಂದ್ರೆ ಚಾನೆಲ್ ಬದಲಿಸ್ತಿದ್ದವನು ನಾನು. ಪಕ್ (ಚೆಂಡಿನ ಬದಲು ಬಳಸೋ ಕರಿ ಬಿಲ್ಲೆ) ಎಲ್ಲಿದೆ ಅನ್ನೋದೇ ಕಾಣ್ತಿರಲಿಲ್ಲ. ಮಗ ಶಾಲೆಗೆ ಸೇರಿದ ಮೇಲೆ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ಈಗ ಅವನ ಬೆನ್ನ ಮೇಲೆ 93 ಅಂತ ನಂಬರು, ಮೇಲೆ ಡೆಮಿಡೊವ್ ಅಂತ ಹೆಸರು, ಇಲ್ಲಿಯ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ರಷ್ಯನ್ ಆಟಗಾರ. ಆ ಅಂಗಿಯ ಬೆಲೆ ಕೇಳಬೇಡಿ, ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಅರ್ಧ ಬೆಲೆ ಹೇಳಿದ್ದೀನಿ.

ಮೊನ್ನೆ ಮಗ ಕೇಳಿದ: "ಅಪ್ಪಾ, ಇವನನ್ನ 2024ರಲ್ಲೇ ಆರಿಸಿಕೊಂಡ್ರಲ್ಲ, ಆಡೋಕೆ 2025ರ ಏಪ್ರಿಲ್‌ನಲ್ಲಿ ಯಾಕೆ ಬಂದ?" ಉತ್ತರ ಹುಡುಕ್ತಾ ಹೋಗಿ ಮೂರು ರಾತ್ರಿ ಹಾಳಾಯ್ತು. ತಿಳಿದುಕೊಂಡಿದ್ದನ್ನ ಇಲ್ಲಿ ಹಾಕ್ತೀನಿ, ತಪ್ಪಿದ್ರೆ ತಿದ್ದಿ.

ಇವಾನ್ ಡೆಮಿಡೊವ್ ಹುಟ್ಟಿದ್ದು 2005ರ ಡಿಸೆಂಬರ್ 10, ಮಾಸ್ಕೋ ಸೀಮೆಯ ಸೆರ್ಗಿಯೆವ್ ಪೊಸಾದ್‌ನಲ್ಲಿ. ಬೆಳೆದದ್ದು ಸೇಂಟ್ ಪೀಟರ್ಸ್‌ಬರ್ಗ್‌ನ ಸ್ಕಾ ಕ್ಲಬ್ಬಿನ ಗರಡಿಯಲ್ಲಿ. ಅಲ್ಲಿ ಮೂರು ಮೆಟ್ಟಿಲು. ಕೆಳಗೆ ಎಂಎಚ್‌ಎಲ್, ಅಂದ್ರೆ ಕಿರಿಯರ ಲೀಗು. ನಡುವೆ ವಿಎಚ್‌ಎಲ್. ಮೇಲೆ ಕೆಎಚ್‌ಎಲ್, ಎನ್‌ಎಚ್‌ಎಲ್ ಬಿಟ್ಟರೆ ಜಗತ್ತಿನ ಎರಡನೇ ದೊಡ್ಡ ಲೀಗು ಅಂತ ಬಹಳ ಜನ ಹೇಳ್ತಾರೆ. 2023-24ರಲ್ಲಿ ಈ ಹುಡುಗ ಸ್ಕಾದ ಕಿರಿಯರ ತಂಡ ಸ್ಕಾ-1946ಗೆ 30 ಪಂದ್ಯದಲ್ಲಿ 60 ಪಾಯಿಂಟ್ ಮಾಡಿದ. ಗೋಲಿಗೂ ಒಂದು ಪಾಯಿಂಟ್, ಗೋಲು ಹೊಡೆಸಿದ ಪಾಸಿಗೂ ಒಂದು ಪಾಯಿಂಟ್. ಅಂದ್ರೆ ಪಂದ್ಯಕ್ಕೆ ಎರಡು.

2024ರ ಜೂನ್‌ನಲ್ಲಿ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ಡ್ರಾಫ್ಟ್ ನಡೀತು. ಮೊದಲ ನಾಲ್ಕು ತಂಡ ಇವನನ್ನ ಬಿಟ್ಟವು. ಐದನೆಯದು ಮಾಂಟ್ರಿಯಲ್. ವೇದಿಕೆಗೆ ಬಂದು ಹೆಸರು ಕರೆದಿದ್ದು ಗಾಯಕಿ ಸೆಲಿನ್ ಡಿಯಾನ್. ನಮ್ಮ ಕಾರಿಡಾರಿನಲ್ಲಿ ಆ ಹೊತ್ತು ಕೇಳಿಬಂದ ಕಿರುಚಾಟಕ್ಕೆ ಯಾರಾದರೂ ಬಿದ್ದರೇನೋ ಅಂತ ನನ್ನ ಹೆಂಡತಿ ಬಾಗಿಲು ತೆಗೆದು ನೋಡಿದಳು.

ಆದ್ರೆ ಆರಿಸಿಕೊಂಡ ಮಾತ್ರಕ್ಕೆ ಹುಡುಗ ಕೈಗೆ ಸಿಗಲ್ಲ. ಸ್ಕಾ ಜೊತೆ ಇನ್ನೊಂದು ವರ್ಷದ ಕರಾರಿತ್ತು, 2025ರ ಮೇ ಕೊನೆಯವರೆಗೆ. ಅಲ್ಲಿ ಶುರುವಿನಲ್ಲಿ ಅವನನ್ನ ಸರಿಯಾಗಿ ಆಡಿಸಲೇ ಇಲ್ಲ. ಕೆಲವು ಪಂದ್ಯದಲ್ಲಿ ಕೆಲವೇ ನಿಮಿಷ, ಉಳಿದದ್ದೆಲ್ಲಾ ಬೆಂಚು. ಇಲ್ಲಿಯ ರೇಡಿಯೋದವರು ದಿನಾ ಅವನ ನಿಮಿಷ ಎಣಿಸಿ ಗೋಳಾಡ್ತಿದ್ದರು. ಆದರೂ ಸೀಸನ್ ಮುಗಿಯೋ ಹೊತ್ತಿಗೆ 65 ಪಂದ್ಯ, 19 ಗೋಲು, 30 ಅಸಿಸ್ಟ್ (ಗೋಲು ಹೊಡೆಸಿದ ಪಾಸು), ಒಟ್ಟು 49. ಇಪ್ಪತ್ತು ತುಂಬದ ಆಟಗಾರನೊಬ್ಬ ಕೆಎಚ್‌ಎಲ್‌ನಲ್ಲಿ ಒಂದು ಸೀಸನ್‌ಗೆ ಮಾಡಿದ ಅತಿ ಹೆಚ್ಚು ಪಾಯಿಂಟ್ ಅದು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸ್ಕಾ ಸೋತಿತು, ಏಪ್ರಿಲ್‌ನಲ್ಲಿ ಕ್ಲಬ್ಬು ಇವನನ್ನ ಬಿಟ್ಟುಕೊಟ್ಟಿತು. ಏಪ್ರಿಲ್ 8ಕ್ಕೆ ಮಾಂಟ್ರಿಯಲ್ ಜೊತೆ ಮೂರು ವರ್ಷದ ಕರಾರು, 14ಕ್ಕೆ ನಮ್ಮ ತಂಡದ ಮನೆ ಅಂಗಳ ಬೆಲ್ ಸೆಂಟರ್‌ನಲ್ಲಿ ಶಿಕಾಗೋ ಎದುರು ಮೊದಲ ಪಂದ್ಯ. ಮೊದಲ ಪೀರಿಯಡ್‌ನಲ್ಲೇ ಒಂದು ಅಸಿಸ್ಟ್, ಒಂದು ಗೋಲು.

ನನ್ನ ವಾದ ಇಷ್ಟೇ: ಆ ಒಂದು ವರ್ಷ ಅಲ್ಲೇ ಉಳಿದದ್ದು ಅವನಿಗೆ ಒಳ್ಳೆಯದೇ ಆಯ್ತು. ಹದಿನೇಳಕ್ಕೇ ಗಂಟು ಮೂಟೆ ಕಟ್ಟಿ ಕೆನಡಾಕ್ಕೆ ಬರೋ ಹುಡುಗರಿಗಿಂತ, ಊರಲ್ಲೇ ದೊಡ್ಡವರ ಜೊತೆ ಆಡಿ ಬರೋನು ಗಟ್ಟಿ. ಏನಂತೀರಿ?

ಬಸವನಗುಡಿ_ಬಾಯ್

ಗುರು, ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜು ತರಾನಾ? ಐದನೆಯವನಿಗೆ ಎಷ್ಟು ಕೋಟಿ ಬಿತ್ತು?

ಲಾವಲ್_ಲೋಕೇಶ

ಇಲ್ಲ. ಡ್ರಾಫ್ಟ್‌ನಲ್ಲಿ ದುಡ್ಡಿನ ಕೂಗಾಟ ಇಲ್ಲ. ಹಿಂದಿನ ಸೀಸನ್‌ನಲ್ಲಿ ಕೆಟ್ಟದಾಗಿ ಆಡಿದ ತಂಡಗಳಿಗೆ ಮೊದಲ ಸರದಿ, ಅದರಲ್ಲೂ ಮೇಲಿನ ಸ್ಥಾನಕ್ಕೆ ಲಾಟರಿ ಎತ್ತುತ್ತಾರೆ. ಆರಿಸಿಕೊಂಡರೆ ತಂಡಕ್ಕೆ ಸಿಗೋದು ಹಕ್ಕು ಮಾತ್ರ: "ಈ ಹುಡುಗ ಎನ್‌ಎಚ್‌ಎಲ್‌ಗೆ ಬಂದ್ರೆ ನಮ್ಮಲ್ಲಿಗೇ ಬರಬೇಕು." ಮದುವೆ ಅಲ್ಲ, ನಿಶ್ಚಿತಾರ್ಥ ಅನ್ನಿ. ಮೊದಲ ಕರಾರಿಗೆ ಮಿತಿ ಇದೆ, ಎಷ್ಟೇ ದೊಡ್ಡ ಪ್ರತಿಭೆ ಆದರೂ ಮೂಲ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೇ ಇತ್ತು ಇವನ ಕಾಲಕ್ಕೆ. ಬೋನಸ್ ಬೇರೆ.

ಮಿನಿಯಾಪೊಲಿಸ್_ಮೀನಾ

ಒಂದು ವರ್ಷ ಕಾದಿದ್ದಕ್ಕೆ ಇಷ್ಟು ಉದ್ದ ಬರೆದಿದ್ದೀರಲ್ಲ ಲೋಕೇಶ್, ನಾವು ಐದು ವರ್ಷ ಕಾದಿದ್ದೀವಿ!

ಕಿರಿಲ್ ಕಪ್ರಿಜೊವ್. ನೊವೊಕುಜ್ನೆಟ್ಸ್ಕ್ ಅನ್ನೋ ಸೈಬೀರಿಯಾದ ಗಣಿ ಊರಿನ ಹುಡುಗ. 2015ರ ಡ್ರಾಫ್ಟ್‌ನಲ್ಲಿ ಮಿನೆಸೋಟ ವೈಲ್ಡ್ ಇವನನ್ನ ಆರಿಸಿದ್ದು 135ನೆಯವನಾಗಿ, ಐದನೇ ಸುತ್ತಿನಲ್ಲಿ. ಅಷ್ಟು ಕೆಳಗೆ ಹೋಗಿದ್ದಕ್ಕೆ ಗಿಡ್ಡ ಅನ್ನೋದೂ ಒಂದು ಕಾರಣ, ರಷ್ಯನ್ ಅನ್ನೋದೂ ಒಂದು. "ಬರ್ತಾನೋ ಇಲ್ವೋ" ಅನ್ನೋ ಅನುಮಾನದ ತೆರಿಗೆ ಅದು. ಅವನು ಊರಲ್ಲಿ ಆಡಿದ, ಆಮೇಲೆ ಉಫಾದಲ್ಲಿ, ಆಮೇಲೆ ಮಾಸ್ಕೋದ ಸಿಎಸ್‌ಕೆಎಯಲ್ಲಿ. 2018ರ ಒಲಿಂಪಿಕ್ ಫೈನಲ್‌ನಲ್ಲಿ ಜರ್ಮನಿ ಎದುರು ಓವರ್‌ಟೈಮ್ ಗೋಲು ಹೊಡೆದು ಚಿನ್ನ ತಂದುಕೊಟ್ಟವನು ಇವನೇ. ನಮ್ಮ ಆಫೀಸಿನಲ್ಲಿ ಅದನ್ನ ನೋಡಿ ಖುಷಿ ಪಟ್ಟವರು ಅರ್ಧ, "ಇಂಥವನನ್ನ ಅವರು ಇನ್ನೆಲ್ಲಿ ಬಿಡ್ತಾರೆ" ಅಂತ ತಲೆ ಮೇಲೆ ಕೈ ಹೊತ್ತವರು ಅರ್ಧ.

ಕರಾರು ಮುಗಿದದ್ದು 2020ರಲ್ಲಿ, ಕೊರೊನಾ ನಡುವೆ. ಮೊದಲ ಪಂದ್ಯ 2021ರ ಜನವರಿ 14, ಲಾಸ್ ಏಂಜಲೀಸ್‌ನಲ್ಲಿ. ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಇವನದೇ. ಆ ಸೀಸನ್ 55 ಪಂದ್ಯಕ್ಕೆ 27 ಗೋಲು, ವರ್ಷದ ಹೊಸ ಆಟಗಾರನಿಗೆ ಕೊಡೋ ಕ್ಯಾಲ್ಡರ್ ಟ್ರೋಫಿ. 2025ರ ಸೆಪ್ಟೆಂಬರ್ ಕೊನೆಗೆ ಎಂಟು ವರ್ಷಕ್ಕೆ 13 ಕೋಟಿ 60 ಲಕ್ಷ ಡಾಲರ್ ಕರಾರಿಗೆ ಸಹಿ ಹಾಕಿದ, ಎನ್‌ಎಚ್‌ಎಲ್ ಚರಿತ್ರೆಯಲ್ಲೇ ಆವರೆಗಿನ ದೊಡ್ಡದು. 135ನೆಯವನು!

ಹಾಂ, ಡೆಮಿಡೊವ್ ಮುರಿದ ಆ ಇಪ್ಪತ್ತರೊಳಗಿನವರ ದಾಖಲೆ ಅದುವರೆಗೆ ನಮ್ಮ ಕಿರಿಲ್‌ದೇ, 42 ಪಾಯಿಂಟ್. ಬರೆಯೋಕೆ ಮರೆತಿರಿ. ಬೇಕಂತಲೇ ಮರೆತಿರಿ ಅಂತ ನನಗೆ ಗೊತ್ತು.

ಕಡಲಕಾಗೆ

ಮಾರಾಯ್ರೆ, ಒಂದು ನಿಮಿಷ. ನಾನು ಮಂಗಳೂರಿನವ, ಈಗ ಟ್ಯಾಂಪಾದಲ್ಲಿ ಉಂಟು. ಬಿಸಿಲು, ಸೆಕೆ, ಎದುರಿಗೆ ಸಮುದ್ರ, ಎಲ್ಲ ಊರಿನ ಹಾಗೇ. ಆದರೆ ಊರಿನಲ್ಲಿ ಐಸ್ ಹಾಕಿ ಇಲ್ಲ, ಇಲ್ಲಿ ಉಂಟು.

ನಿಮ್ಮ ವಾದಕ್ಕೆ ನಮ್ಮಲ್ಲಿಯ ಒಬ್ಬನೇ ಸಾಕು. ನಿಕಿತಾ ಕುಚೆರೊವ್. 2011ರಲ್ಲಿ 58ನೆಯವನಾಗಿ ಟ್ಯಾಂಪಾ ಆರಿಸಿತು. ಸಿಎಸ್‌ಕೆಎಯಲ್ಲೇ ಕೂತಿದ್ದರೆ ಏನಾಗ್ತಿತ್ತು? 2012ರಲ್ಲಿ ಕ್ವಿಬೆಕ್‌ನ ಜೂನಿಯರ್ ಲೀಗಿಗೆ ಬಂದ, ಮೊದಲು ಕ್ವಿಬೆಕ್ ಸಿಟಿ, ಅಲ್ಲಿಂದ ರುವಾನ್-ನೊರಂಡಾ. ಮುಂದಿನ ವರ್ಷ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್‌ನಲ್ಲಿ ಸಿರಾಕ್ಯೂಸ್, ಅಲ್ಲಿಂದ ಅದೇ ಸೀಸನ್‌ನಲ್ಲಿ ಟ್ಯಾಂಪಾ. ಎರಡು ಸ್ಟ್ಯಾನ್ಲಿ ಕಪ್, ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಕೊಡುದು ಅದು. 2023-24ರಲ್ಲಿ ಒಂದೇ ಸೀಸನ್‌ಗೆ 144 ಪಾಯಿಂಟ್. ಆಂಡ್ರೆ ಸ್ವೆಚ್ನಿಕೊವ್ ನೋಡಿ, ಮೊದಲು ಅಮೆರಿಕದ ಮಸ್ಕೀಗನ್, ಆಮೇಲೆ ಕೆನಡಾದ ಬ್ಯಾರಿ, 2018ರ ಡ್ರಾಫ್ಟ್‌ನಲ್ಲಿ ಎರಡನೆಯವ. ಸೆರ್ಗಚೊವ್ ವಿಂಡ್ಸರ್‌ನಲ್ಲಿ ಆಡಿ ಒಂಬತ್ತನೆಯವನಾಗಿ ಬಂದ. ಅವನನ್ನ ಆರಿಸಿದ್ದು ನಿಮ್ಮ ಮಾಂಟ್ರಿಯಲ್ಲೇ, ನಮಗೆ ಕೊಟ್ಟದ್ದೂ ನೀವೇ. ಥ್ಯಾಂಕ್ಸ್ ಹೇಳುದು ಬಾಕಿ ಇತ್ತು.

ಬೇಗ ಬಂದವನಿಗೆ ಭಾಷೆ ಬರ್ತದೆ, ಊಟ ಒಗ್ಗುತ್ತದೆ, ಇಲ್ಲಿಯ ಚಿಕ್ಕ ರಿಂಕ್ (ಆಡುವ ಮಂಜಿನ ಅಂಗಳ) ಅಭ್ಯಾಸ ಆಗ್ತದೆ. ನೀರಿಗೆ ಇಳಿಯದೆ ಈಜು ಕಲಿಯುದು ಹೇಗೆ?

ಲಾವಲ್_ಲೋಕೇಶ

ಸೆರ್ಗಚೊವ್ ಹೆಸರೆತ್ತಿದ್ದಕ್ಕೆ ಈ ಊರಲ್ಲಿ ನಿಮಗೆ ಕಾಫಿ ಸಿಗಲ್ಲ ಸಾರ್.

ಆದ್ರೆ ಯಾಕುಪೊವ್‌ನ ಮರೆತ್ರಾ? ನೈಲ್ ಯಾಕುಪೊವ್ ಕೂಡ ಬೇಗ ಬಂದವನೇ. ಕೆನಡಾದ ಸಾರ್ನಿಯಾದಲ್ಲಿ ಜೂನಿಯರ್ ಆಡಿದ, 2012ರಲ್ಲಿ ಇಡೀ ಡ್ರಾಫ್ಟಿಗೆ ಮೊದಲನೆಯವನಾದ. ಎಡ್ಮಂಟನ್‌ಗೆ ಹೋದ. ಎನ್‌ಎಚ್‌ಎಲ್‌ನಲ್ಲಿ ಒಟ್ಟು 350 ಪಂದ್ಯ, 62 ಗೋಲು, ಅಷ್ಟೇ. ಇಪ್ಪತ್ತೈದು ತುಂಬೋ ಮುಂಚೆಯೇ ರಷ್ಯಾಕ್ಕೆ ವಾಪಸ್.

ಕಡಲಕಾಗೆ

ಅದು ದಾರಿಯ ತಪ್ಪಾ, ಮನೆಯ ತಪ್ಪಾ? ಮೊದಲ ಸೀಸನ್‌ನಲ್ಲಿ 48 ಪಂದ್ಯಕ್ಕೆ 17 ಗೋಲು ಹೊಡೆದಿದ್ದ ಹುಡುಗ. ಆಮೇಲೆ ಕೋಚ್‌ಗಳು ಒಬ್ಬರಾದ ಮೇಲೆ ಒಬ್ಬರು ಬದಲಾದರು, ಪ್ರತಿಯೊಬ್ಬನಿಗೂ ಬೇರೆ ಆಟ ಬೇಕಿತ್ತು. ಹೊಲ ಸರಿ ಇಲ್ಲದಿದ್ದರೆ ಬೀಜಕ್ಕೆ ಬೈದು ಎಂತ ಮಾಡುದು?

ಧಾರವಾಡ_ಫೇಡೆ

ಅಲ್ರೀ, ನೀವು ಇಬ್ಬರೂ ಹುಡುಗನ ಕಡೆಯಿಂದಷ್ಟೇ ಮಾತಾಡಾಕತ್ತೀರಿ. ಆ ರಷ್ಯಾದ ಕ್ಲಬ್ಬಿನ ಕಡೆಯಿಂದ ಒಮ್ಮೆ ನೋಡ್ರಿ.

ಐದಾರು ವರ್ಷದ ಪೋರ ಇದ್ದಾಗಿಂದ ರೊಕ್ಕ ಸುರದು ಬೆಳಸ್ತಾರ. ಬೂಟು, ಕೋಲು, ಬಸ್ಸು, ಕೋಚ್, ಎಲ್ಲಾ ಅವರದ. ಹದಿನೆಂಟಕ್ಕ ಅಮೇರಿಕದವ ಬಂದು "ಇಂವ ನಮ್ಮಂವ" ಅಂತಾನ. ಸ್ವೀಡನ್, ಫಿನ್ಲೆಂಡಿನ ಕ್ಲಬ್ಬಿಗಾದ್ರ ಎನ್‌ಎಚ್‌ಎಲ್ ಜೋಡಿ ಒಂದ ಒಪ್ಪಂದ ಐತಿ, ಹುಡುಗ ಹೋದ್ರ ಇಂತಿಷ್ಟ ರೊಕ್ಕ ಬರತದ. ರಷ್ಯಾ ಆ ಒಪ್ಪಂದದಾಗ ಇಲ್ಲ, 2005ರಿಂದ ಈಚೆಗೆ ಸಹಿ ಹಾಕಿಲ್ಲ. ಇಷ್ಟ ಕಡಿಮಿ ರೊಕ್ಕಕ್ಕ ನಾವು ಕೊಡಾಂಗಿಲ್ಲ ಅಂತ ಅವರ ಹಟ. ಹಿಂಗಾಗಿ ಹುಡುಗ ಹೋದ್ರ ಅವರಿಗೆ ಸೊನ್ನಿ. ಮತ್ತ ಅವರ ಕೈಯಾಗ ಉಳಿದಿದ್ದು ಒಂದ ಹತಾರ, ಕರಾರಿನ ತಾರೀಖು. ಅದನ್ನ ಎಷ್ಟ ಎಳಿಲಿಕ್ಕೆ ಬರತದ ಅಷ್ಟ ಎಳಿತಾರ. "ಇನ್ನೆರಡ ವರ್ಷಕ್ಕ ಸಹಿ ಹಾಕು, ಆಡಸ್ತೀವಿ. ಇಲ್ಲಂದ್ರ ಬೆಂಚ ಮ್ಯಾಲೆ ಕುಂದ್ರು" ಅನ್ನೂ ಮಾತು ಬಾಯಿಬಿಟ್ಟು ಯಾರೂ ಹೇಳೂದಿಲ್ಲ, ಆದ್ರ ಹುಡುಗಗ ತಿಳಿತದ.

ಒಪ್ಪಂದ ಇಲ್ಲದ್ದಕ್ಕ ಇನ್ನೊಂದ ಮಜಾ ಐತಿ. ರಷ್ಯಾದಾಗ ಆಡಾಕತ್ತ ಹುಡುಗನ್ನ ಡ್ರಾಫ್ಟ್ ಮಾಡಿದ ತಂಡದ ಹಕ್ಕು ಇಲ್ಲೀತನ ಬ್ಯಾರೆಯವರಂಗ ಎರಡ ವರ್ಷಕ್ಕ, ನಾಕ ವರ್ಷಕ್ಕ ಮುಗಿತಿರಲಿಲ್ಲ. ಹಂಗ ಇದ್ದಿದ್ದಕ್ಕ ಮೀನಾ ಅವರ ವೈಲ್ಡ್ ತಂಡ ಐದು ವರ್ಷ ಕಾಯಾಕ ಆತು.

ಬಸವನಗುಡಿ_ಬಾಯ್

ಇದು ಒಂಥರಾ ಬಿಸಿಸಿಐ ಎನ್‌ಒಸಿ ಕತೆ ಇದ್ದ ಹಾಗಿದೆ. ನಮ್ಮ ಹುಡುಗರು ಬಿಗ್ ಬ್ಯಾಷ್‌ಗೆ ಹೋಗಬೇಕು ಅಂದ್ರೆ ಇಲ್ಲಿ ನಿವೃತ್ತಿ ತಗೊಂಡೇ ಹೋಗಬೇಕು.

ಧಾರವಾಡ_ಫೇಡೆ

ಹಾಂ, ಅದರಾಗ ಒಂದ ಫರಕ್ ಐತಿ ತಮ್ಮಾ. ನಮ್ಮವರಿಗೆ ಹೊರಗ ಹೋಗೂ ದರಕಾರ ಇಲ್ಲ, ರೊಕ್ಕ ಇಲ್ಲೇ ಐತಿ. ಆ ಹುಡುಗರಿಗೆ ರೊಕ್ಕನೂ ಅಲ್ಲೈತಿ, ಹೆಸರೂ ಅಲ್ಲೈತಿ.

ಮಾಂಟ್ರಿಯಲ್_ಮೇಷ್ಟ್ರು

ನಾನು ಈ ಊರಿಗೆ ಬಂದದ್ದು 1974ರಲ್ಲಿ. ನಿಮ್ಮಲ್ಲಿ ಬಹುಪಾಲು ಜನ ಹುಟ್ಟಿರಲಿಲ್ಲ. ಸ್ವಲ್ಪ ಹಳೆಯ ಮಾತು ಹೇಳಲೇ?

1975ರ ಡಿಸೆಂಬರ್ 31ರ ರಾತ್ರಿ. ಹೊಸ ವರ್ಷದ ಹಿಂದಿನ ರಾತ್ರಿ ನಾವು ನಾಲ್ಕು ಕುಟುಂಬ ಒಬ್ಬರ ಮನೆಯಲ್ಲಿ ಸೇರಿದ್ದೆವು. ಬಿಸಿಬೇಳೆಬಾತ್ ಮಾಡಿದ್ದರು. ಮನೆಯಾತನ ನೆರೆಯವನು ಬಂದು ಟಿವಿ ಹಾಕಿ ಎಂದ. ಫೋರಂ ಮೈದಾನದಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಮತ್ತು ಸೋವಿಯತ್ ಸೇನಾ ತಂಡ ಸಿಎಸ್‌ಕೆಎ. ಪಂದ್ಯ 3-3 ಸಮ. ಕೆನೇಡಿಯನ್ಸ್ ಪಕ್ ಮೇಲೆ ಪಕ್ ಹೊಡೆದರೂ ಗೋಲಿನ ಮುಂದೆ ವ್ಲಾಡಿಸ್ಲಾವ್ ಟ್ರೆಟಿಯಾಕ್ ನಿಂತಿದ್ದ, ಬಾಗಿಲು ಹಾಕಿದ ಹಾಗೆ. ಪಂದ್ಯ ಮುಗಿದಾಗ ಬಿಸಿಬೇಳೆಬಾತ್ ತಣ್ಣಗಾಗಿತ್ತು. ಆಟದ ನಿಯಮ ಒಂದೂ ತಿಳಿಯದ ನಮಗೆ ಆ ಮನುಷ್ಯ ಮಾತ್ರ ತಿಳಿದ.

ಅದೇ ಟ್ರೆಟಿಯಾಕ್‌ನನ್ನು 1983ರಲ್ಲಿ ಮಾಂಟ್ರಿಯಲ್ ತಂಡ ಡ್ರಾಫ್ಟ್ ಮಾಡಿತು. ಅವನಿಗೂ ಬರುವ ಮನಸ್ಸಿತ್ತು ಎನ್ನುತ್ತಾರೆ. ಸರ್ಕಾರ ಬಿಡಲಿಲ್ಲ. 1984ರಲ್ಲಿ ಆಟವನ್ನೇ ಬಿಟ್ಟ. ಎನ್‌ಎಚ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯ ಆಡದ ಅವನನ್ನು 1989ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ನಿಮ್ಮ ಡೆಮಿಡೊವ್ ಹತ್ತು ತಿಂಗಳು ತಡವಾಗಿ ಬಂದನೆಂದು ಗೊಣಗುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಆಮೇಲಿನವರು ಓಡಿಬಂದವರು. 1989ರ ಮೇನಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಶಿಪ್ ಮುಗಿಸಿ ತಂಡ ಊರಿಗೆ ಹೊರಟಾಗ ಅಲೆಕ್ಸಾಂಡರ್ ಮೊಗಿಲ್ನಿ ಬಫೆಲೋದವರ ಜೊತೆ ಹೊರಟುಬಿಟ್ಟ. ಇಪ್ಪತ್ತು ವರ್ಷ, ಸೇನೆಯ ತಂಡದ ಆಟಗಾರ, ಹಾಗಾಗಿ ಸೇನೆ ಬಿಟ್ಟು ಓಡಿದವನೆಂಬ ಆರೋಪ. ಡ್ರಾಫ್ಟ್‌ನಲ್ಲಿ 89ನೆಯವನು, ಬಂದದ್ದು 89ರಲ್ಲಿ, ಅಂಗಿಯ ಮೇಲೂ 89. ಮರುವರ್ಷ ಸೆರ್ಗೆ ಫೆಡೊರೊವ್, ಗುಡ್‌ವಿಲ್ ಗೇಮ್ಸ್‌ಗಾಗಿ ಬಂದಿದ್ದಾಗ ಪೋರ್ಟ್‌ಲೆಂಡ್‌ನ ಹೋಟೆಲಿನಿಂದ ಡೆಟ್ರಾಯಿಟ್ ತಂಡದ ವಿಮಾನ ಹತ್ತಿದ. ಡೆಟ್ರಾಯಿಟ್ 1997ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗ ತಂಡದಲ್ಲಿ ಐವರು ರಷ್ಯನ್ನರಿದ್ದರು.

ಕಡಲಕಾಗೆ

ಮೇಷ್ಟ್ರೇ, ಇದನ್ನ ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಮಾಲ್ಕಿನ್ ಕತೆ ನೀವು ಹೇಳ್ತೀರಾ ನಾನು ಹೇಳಲಾ? ನಾನೇ ಹೇಳ್ತೇನೆ. ಅದು ಸೋವಿಯತ್ ಕಾಲದ್ದಲ್ಲ, 2006ರ ಆಗಸ್ಟ್! ಮ್ಯಾಗ್ನಿಟೊಗೊರ್ಸ್ಕ್ ಕ್ಲಬ್ಬು ರಾತ್ರಿ ಹೊತ್ತು ಕೂರಿಸಿ ಕೂರಿಸಿ ಹೊಸ ಕರಾರಿಗೆ ಸಹಿ ಹಾಕಿಸಿತು. ಕೆಲವೇ ದಿನದಲ್ಲಿ ತಂಡ ಹೆಲ್ಸಿಂಕಿಗೆ ಬಂದಿಳಿದಾಗ ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದೇ ತಡ, ಏಜೆಂಟ್ ಜೊತೆ ಮಾಯ. ವೀಸಾ ಬರುವವರೆಗೆ ಅಲ್ಲೇ ಅಡಗಿ ಕೂತ. ಆ ಸೀಸನ್ ಪಿಟ್ಸ್‌ಬರ್ಗ್‌ಗೆ ಆಡಿ ಕ್ಯಾಲ್ಡರ್ ತಗೊಂಡ.

ಉಲ್ಟಾ ಕೂಡ ಉಂಟು. 2008ರಲ್ಲಿ ರಾಡುಲೊವ್ ಅನ್ನುವ ಆಟಗಾರ ಎನ್‌ಎಚ್‌ಎಲ್‌ನ ನ್ಯಾಶ್‌ವಿಲ್ ಜೊತೆ ಕರಾರು ಇರುವಾಗಲೇ ರಷ್ಯಾದ ಉಫಾಕ್ಕೆ ಹೊರಟುಹೋದ. ಅಲ್ಲಿಂದ ಮೇಲೆ ಎರಡೂ ಲೀಗಿನವರು "ನಿಮ್ಮ ಕರಾರು ನಾವು ಮುಟ್ಟುದಿಲ್ಲ, ನಮ್ಮದು ನೀವು ಮುಟ್ಟಬೇಡಿ" ಅಂತ ಒಂದು ತಿಳಿವಳಿಕೆಗೆ ಬಂದರು.

ಕೊಡಗಿನ_ಕುಡಿ

ತಲೆಬರಹದಲ್ಲಿ ಹಾಕಿ ಅಂತ ನೋಡಿ ಓಡಿ ಬಂದೆ. ಬಂದು ನೋಡಿದರೆ ಮಂಜುಗಡ್ಡೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕುಟುಂಬಕ್ಕೊಂದು ತಂಡ ಕಟ್ಟಿ ಹುಲ್ಲಿನ ಮೇಲೆ ಆಡ್ತೀವಿ, ಅಜ್ಜನೂ ಆಡ್ತಾರೆ ಮೊಮ್ಮಗಳೂ ಆಡ್ತಾಳೆ, ಕರಾರೂ ಇಲ್ಲ ಡ್ರಾಫ್ಟೂ ಇಲ್ಲ. ಆದರೂ ಓದ್ತಾ ಇದ್ದೀನಿ, ಮುಂದುವರಿಸಿ. ಒಂದು ಪ್ರಶ್ನೆ: ಚಿಕ್ಕ ರಿಂಕ್, ದೊಡ್ಡ ರಿಂಕ್ ಅಂದಿರಲ್ಲ, ವ್ಯತ್ಯಾಸ ಎಷ್ಟು?

ಲಾವಲ್_ಲೋಕೇಶ

ಒಳ್ಳೆ ಪ್ರಶ್ನೆ. ಉದ್ದ ಹೆಚ್ಚುಕಮ್ಮಿ ಒಂದೇ, 60 ಮೀಟರ್ ಚಿಲ್ಲರೆ. ಅಗಲದಲ್ಲಿ ಇರೋದು ವಿಷಯ. ಎನ್‌ಎಚ್‌ಎಲ್‌ನದು 85 ಅಡಿ, ಅಂದ್ರೆ 26 ಮೀಟರ್. ಯೂರೋಪಿನ ಹಳೇ ಅಳತೆ 30 ಮೀಟರ್. ಈಗ ಕೆಎಚ್‌ಎಲ್‌ನಲ್ಲೂ ಎಷ್ಟೋ ಕಡೆ ಕಿರಿದು ಮಾಡಿದ್ದಾರೆ. ನಾಲ್ಕು ಮೀಟರ್ ಏನು ಮಹಾ ಅನ್ನಿಸಬಹುದು. ಅಗಲ ರಿಂಕಿನಲ್ಲಿ ಅಂಚಿಗೆ ಹೋಗಿ, ಒಂದು ಸುತ್ತು ಹೊಡೆದು, ಯಾರಿದ್ದಾರೆ ಅಂತ ನೋಡಿ ಪಾಸ್ ಕೊಡೋಕೆ ಹೊತ್ತಿರುತ್ತೆ. ಕಿರಿದಾದದ್ದರಲ್ಲಿ ನೋಡೋ ಮುಂಚೆಯೇ ನೂರು ಕಿಲೋ ಮನುಷ್ಯ ಮೈಮೇಲೆ ಬಂದಿರ್ತಾನೆ. ಗೋಲಿಗೂ ಕೋನ ಬದಲಾಗುತ್ತೆ.

ಡೆಮಿಡೊವ್‌ನಲ್ಲಿ ನನಗೆ ಹಿಡಿಸಿದ್ದು ಇದೇ. ಎರಡು ಹಿಮ್ಮಡಿ ಜೋಡಿಸಿ, ಸ್ಕೇಟುಗಳನ್ನ ಎದುರುಬದುರು ದಿಕ್ಕಿಗೆ ತಿರುಗಿಸಿ ಅಡ್ಡಡ್ಡ ಜಾರ್ತಾನೆ. ಎದೆ ಪೂರ್ತಿ ಮೈದಾನದ ಕಡೆಗೇ ಇರುತ್ತೆ, ಎಡಕ್ಕೆ ಹೋಗ್ತಾನೋ ಬಲಕ್ಕೋ ಎದುರಿನವನಿಗೆ ತಿಳಿಯಲ್ಲ. ಯಕ್ಷಗಾನದಲ್ಲಿ ವೇಷಧಾರಿ ಮಂಡಿ ಊರಿ ಸುತ್ತೋದನ್ನ ನೋಡಿದ್ದೀರಲ್ಲ, ಕಾಲು ಒಂದು ಕಡೆ ಹೇಳುತ್ತೆ ಮೈ ಒಂದು ಕಡೆ ಹೇಳುತ್ತೆ, ಹಾಗೆ.

ಬಸವನಗುಡಿ_ಬಾಯ್

ಮೊದಲ ಪಂದ್ಯ ಅವನ ಗೋಲಿಂದಾನೇ ಗೆದ್ದಿದ್ದು ತಾನೇ? ಹೈಲೈಟ್ಸ್ ನೋಡಿದೆ, ಜನ ಹುಚ್ಚೆದ್ದು ಕುಣೀತಿದ್ರು.

ಲಾವಲ್_ಲೋಕೇಶ

ಇಲ್ಲಪ್ಪ, ಸೋತ್ವಿ. ಶೂಟೌಟ್‌ನಲ್ಲಿ, 4-3. ಹೈಲೈಟ್ಸ್‌ನವರು ಕೊನೆ ತೋರಿಸಲ್ಲ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗೂ ತಡವಾಗಿ ತಿಳೀತು. ಏಪ್ರಿಲ್‌ನಲ್ಲಿ ಅವನು ಲೀಗ್ ಪಂದ್ಯ ಆಡಿದ್ದು ಎರಡೇ. ಆದ್ರೆ ಆ ಎರಡು ಪಂದ್ಯಕ್ಕೆ ಮೂರು ವರ್ಷದ ಕರಾರಿನ ಒಂದು ಪೂರ್ತಿ ವರ್ಷ ಖರ್ಚಾಯ್ತು. ಅಂದ್ರೆ ದೊಡ್ಡ ದುಡ್ಡಿನ ಕರಾರಿಗೆ ಒಂದು ವರ್ಷ ಮೊದಲೇ ತಲುಪ್ತಾನೆ. ಈ ಹುಡುಗರು ಏಪ್ರಿಲ್‌ನಲ್ಲಿ ಓಡೋಡಿ ಬರೋದಕ್ಕೆ ಆಟದ ಮೇಲಿನ ಪ್ರೀತಿ ಒಂದೇ ಕಾರಣ ಅಂದ್ಕೋಬೇಡಿ. ಜೊತೆಗೆ, ಹಿಂದಿನ ಸೀಸನ್‌ನಲ್ಲಿ 25ಕ್ಕಿಂತ ಹೆಚ್ಚು ಪಂದ್ಯ ಆಡದೆ ಇದ್ದಿದ್ದರಿಂದ 2025-26ರಲ್ಲೂ ಅವನು ಹೊಸಬ ಅಂತಲೇ ಲೆಕ್ಕ.

ಮಿನಿಯಾಪೊಲಿಸ್_ಮೀನಾ

ಹೊಸಬ ಅನ್ನೋದಕ್ಕೆ ವಯಸ್ಸಿನ ಮಿತಿಯೂ ಇದೆ, ಅದನ್ನ ತಂದುಕೊಟ್ಟವನೂ ಒಬ್ಬ ರಷ್ಯನ್ನೇ. ಸೆರ್ಗೆ ಮಕಾರೊವ್ 1989ರಲ್ಲಿ ಸೋವಿಯತ್ ಅನುಮತಿ ಪಡೆದು ಕ್ಯಾಲ್ಗರಿಗೆ ಬಂದಾಗ ಮೂವತ್ತು ದಾಟಿತ್ತು, ಅಷ್ಟು ಹೊತ್ತಿಗೆ ವಿಶ್ವ ಚಾಂಪಿಯನ್, ಒಲಿಂಪಿಕ್ ಚಿನ್ನ ಎಲ್ಲ ಆಗಿತ್ತು. ಅಂಥವನಿಗೆ "ವರ್ಷದ ಹೊಸ ಹುಡುಗ" ಪ್ರಶಸ್ತಿ! ಆಮೇಲೆ 26 ತುಂಬಿರಬಾರದು ಅಂತ ನಿಯಮ ಮಾಡಿದರು. ನಮ್ಮ ಕಿರಿಲ್ 24ರೊಳಗೆ ಬಂದ, ಪನಾರಿನ್ ಕೂಡ. ಪನಾರಿನ್‌ನನ್ನ ಅಂತೂ ಯಾರೂ ಡ್ರಾಫ್ಟ್ ಕೂಡ ಮಾಡಿರಲಿಲ್ಲ. ಅಜ್ಜ ಅಜ್ಜಿ ಸಾಕಿದ ಹುಡುಗ. 2015ರಲ್ಲಿ ನೇರ ಶಿಕಾಗೋಗೆ ಬಂದು ಮರುವರ್ಷ ಕ್ಯಾಲ್ಡರ್ ಹಿಡಿದ.

ಅಂದ ಹಾಗೆ, ಮಿಚ್ಕೊವ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಲೋಕೇಶ್, ನಿಮ್ಮ ಊರಿನ ಹಳೇ ಗಾಯ ಅಲ್ವಾ ಅದು?

ಲಾವಲ್_ಲೋಕೇಶ

ಬಂತಾ ಆ ಹೆಸರು. ಬರಲಿ.

2023ರ ಡ್ರಾಫ್ಟ್, ನ್ಯಾಶ್‌ವಿಲ್. ಆಗಲೂ ನಮಗೆ ಐದನೇ ಸರದಿ. ಪೆರ್ಮ್ ಊರಿನ ಮಾಟ್ವೆ ಮಿಚ್ಕೊವ್ ಖಾಲಿ ಇದ್ದ. ಮೊದಲನೆಯವನಾಗಿ ಹೋದ ಬೆಡಾರ್ಡ್ ಆದ ಮೇಲೆ ಆ ವರ್ಷದ ಅತಿ ದೊಡ್ಡ ಕಲಾವಿದ ಇವನೇ ಅಂತ ಎಷ್ಟೋ ಜನ ಬರೆದಿದ್ರು. ನಾವು ಆಸ್ಟ್ರಿಯಾದ ಡಿಫೆನ್ಸ್‌ಮನ್ ರೈನ್‌ಬಾಕರ್‌ನ ತಗೊಂಡ್ವಿ. ಮಿಚ್ಕೊವ್‌ಗೆ ಸ್ಕಾ ಜೊತೆ 2026ರವರೆಗೆ ಕರಾರಿತ್ತು, ಎಲ್ಲರಿಗೂ ಅದೇ ಭಯ. ಏಳನೆಯವನಾಗಿ ಫಿಲಡೆಲ್ಫಿಯಾ ಎತ್ತಿಕೊಂಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹುಡುಗನ ತಂದೆ ತೀರಿಕೊಂಡಿದ್ದರು. ಸ್ಕಾದಲ್ಲಿ ಜಾಗ ಕೊಡದೆ ಸೋಚಿಗೆ ಎರವಲು ಕಳಿಸಿದ್ದರು, ಕೆಎಚ್‌ಎಲ್‌ನ ಬಡ ತಂಡ. ಅಲ್ಲಿ ಸೋಲುವ ತಂಡದಲ್ಲಿ ಮಿಂಚಿದ. ಮೂರು ವರ್ಷ ಕಾಯಬೇಕು ಅಂದುಕೊಂಡಿದ್ದ ಫಿಲಡೆಲ್ಫಿಯಾಕ್ಕೆ ಒಂದೇ ವರ್ಷದಲ್ಲಿ ಸಿಕ್ಕ, 2024ರ ಜೂನ್‌ನಲ್ಲಿ ಸ್ಕಾ ಕೈಬಿಟ್ಟಿತು. ಮೊದಲ ಸೀಸನ್‌ನಲ್ಲೇ 26 ಗೋಲು, ಆ ವರ್ಷದ ಹೊಸಬರಲ್ಲಿ ಅತಿ ಹೆಚ್ಚು.

ರೈನ್‌ಬಾಕರ್ ಪಾಪ, ಆ ಹುಡುಗ ಏನು ಮಾಡಿದ್ದ? ಈ ಊರಿನವರು ಅವನಿಗೆ ಆನ್‌ಲೈನ್‌ನಲ್ಲಿ ಬೈದದ್ದು ನಾಚಿಕೆಗೇಡು. ಮುಂದಿನ ವರ್ಷ ಮತ್ತೆ ಐದನೇ ಸರದಿಗೆ ಮತ್ತೊಬ್ಬ ರಷ್ಯನ್ ಉಳಿದಾಗ ಮ್ಯಾನೇಜ್‌ಮೆಂಟ್‌ನವರಿಗೆ ಎರಡನೇ ಸಲ ಬಿಡೋ ಧೈರ್ಯ ಇರಲಿಲ್ಲ ಅನ್ನೋದು ನನ್ನ ಅನುಮಾನ.

ಸಿರಾಕ್ಯೂಸ್_ಸುಮಾ

ಎಲ್ಲರೂ ಗೆದ್ದವರ ಕತೆನೇ ಹೇಳ್ತಿದ್ದೀರಿ. ನಾನಿರೋ ಊರಲ್ಲಿ ಎಎಚ್‌ಎಲ್ ತಂಡ ಇದೆ, ಟಿಕೆಟ್ ಅಗ್ಗ ಅಂತ ಹೋಗ್ತೀವಿ. ಇದು ಎನ್‌ಎಚ್‌ಎಲ್‌ನ ಒಂದು ಮೆಟ್ಟಿಲು ಕೆಳಗಿನದು. ಬಹಳಷ್ಟು ಪಯಣ ಬಸ್ಸಿನಲ್ಲೇ. ಶುಕ್ರವಾರ ಒಂದೂರು, ಶನಿವಾರ ಇನ್ನೊಂದೂರು, ಎಷ್ಟೋ ಸಲ ಭಾನುವಾರವೂ. ಪೀಟರ್ಸ್‌ಬರ್ಗ್‌ನಲ್ಲಿ ಹತ್ತಾರು ಸಾವಿರ ಜನರ ಮುಂದೆ ಆಡಿ, ವಿಮಾನದಲ್ಲಿ ಓಡಾಡಿದ ಹುಡುಗನಿಗೆ ಇದು ಹಿಂಬಡ್ತಿ ಅನ್ನಿಸುತ್ತೆ. ಸಂಬಳ ಕೂಡ ಊರಿನದಕ್ಕಿಂತ ಕಡಿಮೆ ಇರಬಹುದು.

ವಿಟಾಲಿ ಕ್ರಾವ್ಟ್ಸೊವ್ ನೆನಪಿದ್ದಾನಾ? 2018ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಒಂಬತ್ತನೆಯವನಾಗಿ ಆರಿಸಿದ್ದು. 2019ರಲ್ಲಿ ಬಂದ, ಎಎಚ್‌ಎಲ್‌ನ ಹಾರ್ಟ್‌ಫರ್ಡ್‌ಗೆ ಕಳಿಸಿದರು, ಸಿಟ್ಟಾಗಿ ಚೆಲ್ಯಾಬಿನ್ಸ್ಕ್‌ಗೆ ವಾಪಸ್ ಹೋದ. ಮತ್ತೆ ಬಂದ. 2021ರಲ್ಲಿ ಮತ್ತೆ ಹಾರ್ಟ್‌ಫರ್ಡ್ ಅಂದರು, ಮತ್ತೆ ಚೆಲ್ಯಾಬಿನ್ಸ್ಕ್. ಆಮೇಲೆ ವ್ಯಾಂಕೂವರ್‌ಗೆ ವಿನಿಮಯದಲ್ಲಿ ಕೊಟ್ಟರು, ಅಲ್ಲೂ ನಿಲ್ಲಲಿಲ್ಲ. ಪ್ರತಿಭೆ ಇಲ್ಲದವನಲ್ಲ. ಕುಚೆರೊವ್ ಇದೇ ನಮ್ಮೂರಿನ ರಿಂಕಿನಲ್ಲಿ ಆಡಿ ಮೇಲೆ ಹೋದ, ಕ್ರಾವ್ಟ್ಸೊವ್‌ಗೆ ಬಸ್ಸು ಹತ್ತೋಕಾಗಲಿಲ್ಲ. ಊರಲ್ಲಿ ಮನೆ, ಹೆಸರು, ಸಂಬಳ ಎಲ್ಲ ಇದ್ದವನಿಗೆ ವಾಪಸ್ ಹೋಗೋ ಬಾಗಿಲು ಯಾವಾಗಲೂ ತೆರೆದಿರುತ್ತೆ. ಅದು ವರವೂ ಹೌದು, ಶಾಪವೂ ಹೌದು.

ಇನ್ನೊಂದು ಸೂಕ್ಷ್ಮ: ಕೆನಡಾದ ಜೂನಿಯರ್ ಲೀಗಿನಲ್ಲಿ ಆಡ್ತಾ ಡ್ರಾಫ್ಟ್ ಆದವನು ಇಪ್ಪತ್ತರವರೆಗೆ ಪೂರ್ತಿಯಾಗಿ ಎಎಚ್‌ಎಲ್‌ಗೆ ಹೋಗೋಹಾಗಿರಲಿಲ್ಲ. ಒಂದೋ ಎನ್‌ಎಚ್‌ಎಲ್, ಇಲ್ಲವೋ ಮತ್ತೆ ಮಕ್ಕಳ ಜೊತೆ. ರಷ್ಯಾದಿಂದಲೇ ಡ್ರಾಫ್ಟ್ ಆದವನಿಗೆ ಆ ಕಟ್ಟು ಇಲ್ಲ. ಕಡಲಕಾಗೆಯವರೇ, ಬೇಗ ಬರೋದಕ್ಕೆ ಈ ಬೆಲೆಯೂ ಇದೆ.

ಕಡಲಕಾಗೆ

ಸುಮಕ್ಕ, ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಅರ್ಧ.

ಧಾರವಾಡ_ಫೇಡೆ

2022ರಿಂದ ಬೇಗ ಬರೂ ಬಾಗಲಾನೂ ಹಾಕಿದ್ರಲ್ಲ. ಉಕ್ರೇನ್ ಯುದ್ಧ ಶುರು ಆದ ಮ್ಯಾಲೆ ಎನ್‌ಎಚ್‌ಎಲ್ ಕೆಎಚ್‌ಎಲ್ ಜೋಡಿ ಮಾತುಕತಿ ನಿಲ್ಲಿಸ್ತು, ಕೆನಡಾದ ಜೂನಿಯರ್ ಲೀಗಿನವರು ತಮ್ಮ ಇಂಪೋರ್ಟ್ ಡ್ರಾಫ್ಟಿನಾಗ (ಹೊರದೇಶದ ಹುಡುಗರನ್ನ ಆರಿಸೂದು) ರಷ್ಯಾ, ಬೆಲಾರೂಸ್ ಹುಡುಗರನ್ನ ಬ್ಯಾಡ ಅಂದ್ರು. 2024ಕ್ಕ ಮತ್ತ ತಗದ್ರು. ನಡುವಿನ ಆ ಎರಡ ಬ್ಯಾಚಿನ ಹುಡುಗರು ಏನ್ ಮಾಡಬೇಕು? ಡೆಮಿಡೊವ್ "ಊರಾಗ ಉಳಿಯೂದು ಆರಿಸಿಕೊಂಡ" ಅಂತ ಲೋಕೇಶಣ್ಣ ಅಂದ್ರು. ಅವನ ವಯಸ್ಸಿಗೆ ಬ್ಯಾರೆ ದಾರಿ ಎಷ್ಟ ತಗದಿತ್ತು ಅಂತ ಕೇಳಬೇಕಲ್ಲ.

ಫೆಡೊಟೊವ್‌ಂದು ಇನ್ನೂ ಘೋರ. ಅಂವ ಗೋಲ್‌ಕೀಪರ್. 2022ರ ಮೇದಾಗ ಫಿಲಡೆಲ್ಫಿಯಾ ಜೋಡಿ ಸಹಿ ಹಾಕಿದ, ಜುಲೈ 1ಕ್ಕ ಪೀಟರ್ಸ್‌ಬರ್ಗಿನಾಗ ಹಿಡದ್ರು, ಸೇನಾ ಸೇವಾ ತಪ್ಪಿಸಿದಿ ಅಂತ. ಎಲ್ಲಿ ಒಯ್ದ್ರು ಗೊತ್ತೇನ್ರಿ? ಉತ್ತರದ ಸೆವೆರೊಮೊರ್ಸ್ಕ್, ನೌಕಾನೆಲಿ. ಫಿಲಡೆಲ್ಫಿಯಾಕ್ಕ ಮುಟ್ಟಿದ್ದು 2024ರ ಮಾರ್ಚಿಗೆ.

ನಿರ್ವಾಹಕ

ಯುದ್ಧದ ಬಗ್ಗೆ ಬೇರೆ ಚರ್ಚೆ ತೆರೆದಿದೆ. ಇಲ್ಲಿ ಆಟಗಾರರ ದಾರಿಗೆ ಸಂಬಂಧಪಟ್ಟಷ್ಟು ಮಾತ್ರ ಇರಲಿ. ಎರಡು ಕಮೆಂಟ್ ತೆಗೆದಿದ್ದೇವೆ.

ಮಾಂಟ್ರಿಯಲ್_ಮೇಷ್ಟ್ರು

ನಿರ್ವಾಹಕರೇ, ಟ್ರೆಟಿಯಾಕ್‌ನ ಕಾಲದಿಂದ ಈ ದಾರಿಗೆ ಸಂಬಂಧಪಡದ ರಾಜಕೀಯ ಯಾವುದಿತ್ತು? ಇರಲಿ, ನಿಮ್ಮ ಕಷ್ಟ ನಿಮಗೆ.

ಒಂದು ಮಾತು ಸೇರಿಸುತ್ತೇನೆ. ಹೋಗುವವರನ್ನಷ್ಟೇ ಎಣಿಸಬೇಡಿ. ನಮ್ಮ ತಂಡದಲ್ಲಿ ಆಂಡ್ರೆ ಮಾರ್ಕೊವ್ ಎಂಬ ಡಿಫೆನ್ಸ್‌ಮನ್ ಇದ್ದ. 1998ರಲ್ಲಿ ಆರನೇ ಸುತ್ತಿನಲ್ಲಿ ಆರಿಸಿದ್ದು, ಯಾರೂ ಗಮನಿಸಲಿಲ್ಲ. 990 ಪಂದ್ಯ ಆಡಿದ, ಎಲ್ಲವೂ ಮಾಂಟ್ರಿಯಲ್‌ಗೇ. ಸಾವಿರಕ್ಕೆ ಹತ್ತು ಬಾಕಿ. 2017ರಲ್ಲಿ ಹೊಸ ಕರಾರು ಕುದುರಲಿಲ್ಲ, ಕಜಾನ್‌ಗೆ ಹೊರಟ. ಆ ಹತ್ತು ಪಂದ್ಯ ಹಾಗೇ ಉಳಿಯಿತು. ನನಗೆ ಈಗಲೂ ಲೆಕ್ಕ ಬಾಕಿ ಇಟ್ಟ ಹಾಗೆ ಅನ್ನಿಸುತ್ತದೆ.

ಲಾವಲ್_ಲೋಕೇಶ

ಮೇಷ್ಟ್ರೇ, ಒಂದಿನ ನಿಮ್ಮನ್ನ ಬೆಲ್ ಸೆಂಟರ್‌ಗೆ ಕರ್ಕೊಂಡು ಹೋಗ್ತೀನಿ. ಟಿಕೆಟ್ ನನ್ನದು. (ಮೇಲಿನ ಸಾಲು. ಕೆಳಗಿನದಕ್ಕೆ ಕಿಡ್ನಿ ಮಾರಬೇಕು.)

ಫೇಡೆಯವರ ಮಾತು ಚುಚ್ಚಿತು. "ಆರಿಸಿಕೊಂಡ" ಅಂತ ನಾನು ಬರೆಯಲಿಲ್ಲ, ಆದ್ರೆ ಅರ್ಥ ಹಾಗೇ ಬಂತು. ಹದಿನೆಂಟರ ಹುಡುಗನಿಗೆ ಕರಾರಿನ ತಾರೀಖು, ಬಾಗಿಲು ಹಾಕಿದ ಲೀಗು, ಸೇನೆಯ ಚೀಟಿ, ಅಪ್ಪ ಅಮ್ಮ, ಏಜೆಂಟು... ಇಷ್ಟೆಲ್ಲಾ ಎಳೆದಾಡಿ ಒಂದು ಕಡೆ ನಿಲ್ಲಿಸಿದ ಮೇಲೆ ನಾವು ಅದಕ್ಕೆ ದಾರಿ ಅಂತೀವಿ. ನನ್ನ ವಾದ ಪೂರ್ತಿ ಬಿಡಲ್ಲ, ದೊಡ್ಡವರ ಲೀಗಿನಲ್ಲಿ ಆಡಿದ ಆ ವರ್ಷ ಅವನನ್ನ ಹದ ಮಾಡಿದ್ದು ಕಣ್ಣಿಗೆ ಕಾಣುತ್ತೆ. ಆದ್ರೆ ಅದನ್ನ ಎಲ್ಲರಿಗೂ ಸಲಹೆ ಅಂತ ಕೊಡೋದನ್ನ ಬಿಟ್ಟೆ.

ಕೊಡಗಿನ_ಕುಡಿ

ನನಗೆ ಒಂದು ಪಂದ್ಯ ನೋಡಬೇಕು ಅನ್ನಿಸಿದೆ. ಇಲ್ಲಿ ಎಷ್ಟು ಹೊತ್ತಿಗೆ ಬರುತ್ತೆ? ಮತ್ತೆ ಆ ಪಕ್ ಕಾಣೋದು ಹೇಗೆ?

ಲಾವಲ್_ಲೋಕೇಶ

ಮಾಂಟ್ರಿಯಲ್‌ನಲ್ಲಿ ಸಂಜೆ 7ಕ್ಕೆ ಶುರು ಅಂದ್ರೆ ಚಳಿಗಾಲದಲ್ಲಿ ನಿಮಗೆ ಬೆಳಗಿನ 5:30. ಪಕ್ ಹುಡುಕಬೇಡಿ, ಸಿಗಲ್ಲ. ಆಟಗಾರರ ಮುಖ ಯಾವ ಕಡೆ ತಿರುಗಿದೆ ನೋಡಿ, ಪಕ್ ಅಲ್ಲಿರುತ್ತೆ. 93 ನಂಬರಿನವನ ವಿಷಯದಲ್ಲಿ ಮಾತ್ರ ಇದು ನಂಬಬೇಡಿ, ಅವನು ಒಂದು ಕಡೆ ನೋಡಿ ಇನ್ನೊಂದು ಕಡೆ ಕೊಡ್ತಾನೆ.

ಕೊಡಗಿನ_ಕುಡಿ

5:30ಕ್ಕೆ ಕಾಫಿ ತೋಟದಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತೆ. ಎಲ್ಲರೂ ಮಲಗಿರ್ತಾರೆ.